ಕಳಿಸದೇ ಇಟ್ಕೊಂಡ ವಿಮಾನಗಳು

ಲಂಡನ್ನಿನ ವಾಟರ್ಲೂ ಪ್ಲೇಸ್‌ನಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಸುತ್ತಮುತ್ತ ಇರೋರೆಲ್ಲ ರಾಜರು, ದೊಡ್ಡ ದೊಡ್ಡ ಸೇನಾಧಿಕಾರಿಗಳು, ದಕ್ಷಿಣ ಧ್ರುವಕ್ಕೆ ಹೋಗಿ ವಾಪಸ್ ಬರದೇ ಹೋದ ಸ್ಕಾಟ್ ಕೂಡ ಅಲ್ಲೇ ನಿಂತಿದ್ದಾನೆ. ಎಲ್ಲರೂ ಗತ್ತಲ್ಲಿ ಎಲ್ಲೋ ದೂರ ನೋಡ್ತಾ ಇದ್ರೆ ಇವನೊಬ್ಬ ಮಾತ್ರ ಕೈಗೆ ಗ್ಲೌಸ್ ಎಳ್ಕೊತಾ ಇದ್ದಾನೆ, ಎದೆ ಮೇಲೆ ಪೈಲಟ್‌ಗಳ ಲೈಫ್ ಜಾಕೆಟ್ಟು, ಈಗ ತಾನೇ ಫೋನ್ ಬಂತು ಹೊರಟೆ ಅನ್ನೋ ಹಾಗೆ. ಕೆಳಗೆ ಹೆಸರು ಓದಿದೆ, ಸರ್ ಕೀತ್ ಪಾರ್ಕ್. ಯಾರು ಅಂತ ಗೊತ್ತಾಗ್ಲಿಲ್ಲ.

ಅದು ನಂಗೆ ಸ್ವಲ್ಪ ನಾಚಿಕೆ ವಿಷಯ ಆಯ್ತು, ಯಾಕಂದ್ರೆ ಎರಡನೇ ಮಹಾಯುದ್ಧದ ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದೋ ಹುಚ್ಚು ಹೈಸ್ಕೂಲಿಂದಲೇ ಇದೆ, 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಜರ್ಮನ್ ವಾಯುಪಡೆ ಜೊತೆ ನಡೆದ ಬ್ಯಾಟಲ್ ಆಫ್ ಬ್ರಿಟನ್ ಅಂದ್ರೆ ಸ್ಪಿಟ್‌ಫೈರ್ ಫೈಟರ್ ವಿಮಾನ ಗೊತ್ತು, ಚರ್ಚಿಲ್ ಗೊತ್ತು, ಎರಡೂ ಕಾಲು ಕಳ್ಕೊಂಡು ಲೋಹದ ಕೃತಕ ಕಾಲಲ್ಲಿ ವಿಮಾನ ಹಾರಿಸಿದ ಡಗ್ಲಸ್ ಬಾಡರ್ ಅಂತೂ ಚೆನ್ನಾಗಿ ಗೊತ್ತು. ಆದ್ರೆ ಆ ಯುದ್ಧದಲ್ಲಿ ದಿನಾ ಬೆಳಗ್ಗೆ ಎದ್ದು ಯಾವ ಸ್ಕ್ವಾಡ್ರನ್ (ಹನ್ನೆರಡರ ಆಸುಪಾಸು ವಿಮಾನಗಳ ತಂಡ) ಯಾವಾಗ ಮೇಲೆ ಹೋಗ್ಬೇಕು, ಯಾವುದು ಕೆಳಗೇ ಇರ್ಬೇಕು ಅಂತ ತೀರ್ಮಾನ ಮಾಡ್ತಿದ್ದ ಮನುಷ್ಯನ ಹೆಸರು ಗೊತ್ತಿರ್ಲಿಲ್ಲ. ಆಮೇಲೆ ವರ್ಷಗಟ್ಟಲೆ ಈತನ ಹಿಂದೆ ಬಿದ್ದೆ. ಈಗ ಅನ್ಸುತ್ತೆ, ಗೊತ್ತಿಲ್ದೇ ಇದ್ದಿದ್ದು ಬರೀ ನನ್ನ ತಪ್ಪಲ್ಲ. ಈತ ಮಾಡಿದ ಕೆಲಸವೇ ಕಣ್ಣಿಗೆ ಕಾಣೋ ಅಂಥದ್ದಲ್ಲ.

ಪಾರ್ಕ್ ಹುಟ್ಟಿದ್ದು ನ್ಯೂಜಿಲೆಂಡಿನ ಥೇಮ್ಸ್ ಅನ್ನೋ ಸಣ್ಣ ಊರಲ್ಲಿ, 1892ರಲ್ಲಿ. ಅಪ್ಪ ಭೂವಿಜ್ಞಾನಿ. ಮಗ ಹೋಗಿ ಹಡಗಿನ ಕಂಪನಿ ಸೇರಿ ಪರ್ಸರ್ ಆದ, ಅಂದ್ರೆ ಹಡಗಿನ ಲೆಕ್ಕಪತ್ರ ನೋಡ್ಕೊಳ್ಳೋನು. ಈ ಲೆಕ್ಕದ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಮೊದಲನೇ ಮಹಾಯುದ್ಧದಲ್ಲಿ ಫಿರಂಗಿ ದಳ ಸೇರಿ ಗಲಿಪೊಲಿಯಲ್ಲಿ ಹೋರಾಡಿದ, ಆಮೇಲೆ 1916ರಲ್ಲಿ ಸೋಮ್ ಕದನದಲ್ಲಿ ಶೆಲ್ ಸಿಡಿದು ಕುದುರೆ ಮೇಲಿಂದ ಎಗರಿ ಬಿದ್ದು ಗಾಯ ಆಯ್ತು. ಡಾಕ್ಟರುಗಳು ಈತ ಇನ್ನು ಕುದುರೆ ಸವಾರಿಗೆ ಲಾಯಕ್ಕಿಲ್ಲ ಅಂತ ಬರೆದುಬಿಟ್ರು. ಕುದುರೆ ಏರೋಕೆ ಆಗ್ದಿದ್ರೆ ಏನಂತೆ ಅಂತ ವಿಮಾನ ಏರಿದ! 48ನೇ ಸ್ಕ್ವಾಡ್ರನ್ನಿನಲ್ಲಿ ಬ್ರಿಸ್ಟಲ್ ಫೈಟರ್ ಹಾರಿಸಿ ಏಸ್ ಆದ, ಅಂದ್ರೆ ಕನಿಷ್ಠ ಐದು ಶತ್ರು ವಿಮಾನ ಉರುಳಿಸಿದೋನು, 1918ರಲ್ಲಿ ಅದೇ ಸ್ಕ್ವಾಡ್ರನ್ನಿನ ಕಮಾಂಡರೂ ಆದ. ಅಂದ್ರೆ 1940ರಲ್ಲಿ ಹುಡುಗರನ್ನ ಮೇಲೆ ಕಳಿಸೋವಾಗ ಅಲ್ಲಿ ಏನಾಗುತ್ತೆ ಅಂತ ಗೊತ್ತಿಲ್ಲದ ಆಸಾಮಿ ಅಲ್ಲ. ಎದುರಿಗೆ ಮೆಷಿನ್‌ಗನ್ ಬೆಂಕಿ ಕಾರೋದು, ಪಕ್ಕದ ವಿಮಾನ ಹೊತ್ತಿ ಉರಿಯೋದು, ರಾತ್ರಿ ಊಟಕ್ಕೆ ಕೂತಾಗ ಖಾಲಿ ಕುರ್ಚಿ, ಎಲ್ಲ ನೋಡಿದ್ದ.

ಏಪ್ರಿಲ್ 1940ರಲ್ಲಿ ಬ್ರಿಟಿಷ್ ವಾಯುಪಡೆಯ ಫೈಟರ್ ವಿಮಾನಗಳ ವಿಭಾಗವಾದ ಫೈಟರ್ ಕಮಾಂಡಿನ 11 ಗ್ರೂಪ್ ಈತನ ಕೈಗೆ ಬಂತು. ಲಂಡನ್ ಮತ್ತೆ ಇಂಗ್ಲೆಂಡಿನ ಆಗ್ನೇಯ ಮೂಲೆ ಪೂರ್ತಿ, ಅಂದ್ರೆ ಫ್ರಾನ್ಸ್ ಬಿದ್ಮೇಲೆ ಜರ್ಮನ್ನರ ಬಾಗಿಲಿಗೆ ನೇರ ಎದುರು. ಮೇಲಧಿಕಾರಿ ಫೈಟರ್ ಕಮಾಂಡಿನ ಮುಖ್ಯಸ್ಥ ಹ್ಯೂ ಡೌಡಿಂಗ್. ಡೌಡಿಂಗ್ ಕಟ್ಟಿದ್ದ ವ್ಯವಸ್ಥೆ ದೊಡ್ಡದು, ಕರಾವಳಿ ಉದ್ದಕ್ಕೂ ರೇಡಾರ್ ಕಂಬಗಳು, ಒಳನಾಡಲ್ಲಿ ಬೈನಾಕ್ಯುಲರ್ ಹಿಡಿದು ಆಕಾಶ ನೋಡೋ ಅಬ್ಸರ್ವರ್ ಕೋರ್‌ನವರು, ಫೋನ್ ಲೈನುಗಳು, ಎಲ್ಲ ಸುದ್ದಿ ಸೋಸಿ ಕಳಿಸೋ ಒಂದು ಕೋಣೆ. ಆದ್ರೆ ಅದನ್ನ ಗಂಟೆಗಂಟೆಗೆ ಓಡಿಸೋನು ಪಾರ್ಕ್.

ಈಗ ಆತನ ಮುಂದಿದ್ದ ಲೆಕ್ಕ ನೋಡಿ. ಕ್ಯಾಲೆಯಿಂದ ಡೋವರ್‌ಗೆ ಸಮುದ್ರ ಬರೀ 34 ಕಿಲೋಮೀಟರ್, ಬಾಂಬರ್‌ಗೆ ಐದಾರು ನಿಮಿಷದ ದಾರಿ. ಜರ್ಮನ್ನರು ಫ್ರಾನ್ಸಿನ ಮೇಲೆ ಗುಂಪು ಕಟ್ಕೊಳ್ಳೋದು ರೇಡಾರಿಗೆ ಕಾಣುತ್ತೆ, ಹಾಗಾಗಿ ಒಳ್ಳೇ ದಿನ ಅಂದ್ರೆ ಇಪ್ಪತ್ತು ನಿಮಿಷ ಮುಂಚೆ ಸುದ್ದಿ. ಇಪ್ಪತ್ತು ಸಾವಿರ ಅಡಿ ಏರೋಕೆ ಸ್ಪಿಟ್‌ಫೈರ್‌ಗೆ ಹತ್ತಿರಹತ್ತಿರ 13 ನಿಮಿಷ, ಇನ್ನೊಂದು ಫೈಟರ್ ಹರಿಕೇನಿಗೆ 16. ಸುದ್ದಿ ಬಂದು, ಸೋಸಿ, ನಿರ್ಧಾರ ಆಗಿ, ಫೋನ್ ರಿಂಗಾಗಿ, ಹುಡುಗರು ಓಡಿ ವಿಮಾನ ಹತ್ತೋಕೆ ಬೇರೆ ಒಂದಷ್ಟು ನಿಮಿಷ ಹೋಗುತ್ತೆ. ತೀರಾ ಬೇಗ ಕಳಿಸಿದ್ರೆ, ಬಂದಿದ್ದು ಬರೀ ಆಟ ಆಡ್ಸೋಕೆ ಬಂದ ಫೈಟರ್ ಗುಂಪಾಗಿದ್ರೆ, ಪೆಟ್ರೋಲ್ ಖರ್ಚಾಗಿ ಇಳಿದು ತುಂಬಿಸ್ಕೊಳ್ತಾ ನಿಂತಿರೋವಾಗ ನಿಜವಾದ ಬಾಂಬರ್‌ಗಳು ಬರ್ತವೆ. ತಡವಾಗಿ ಕಳಿಸಿದ್ರೆ ಏರ್ತಾ ಇರೋವಾಗಲೇ ಮೇಲಿಂದ ಹೊಡೀತಾರೆ. ಎಲ್ಲ ಒಟ್ಟಿಗೆ ಕಳಿಸಿದ್ರೆ ಎರಡನೇ ಅಲೆಗೆ ಯಾರೂ ಇಲ್ಲ. ಕಮ್ಮಿ ಕಳಿಸಿದ್ರೆ ಹನ್ನೆರಡು ಹುಡುಗರು ನೂರು ವಿಮಾನದ ಎದುರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ, ಇಲ್ಲಿ ಹಾಸಿಗೆ ದಿನಾ ಚಿಕ್ಕದಾಗ್ತಾ ಇತ್ತು.

ಪಾರ್ಕ್ ಕಂಡ್ಕೊಂಡ ದಾರಿ ಇಷ್ಟೇ: ಒಂದೊಂದೇ ಸ್ಕ್ವಾಡ್ರನ್, ಆದಾಗ ಜೋಡಿ, ಎಷ್ಟು ಮುಂದೆ ಹೋಗಿ ತಡೆಯೋಕಾಗುತ್ತೋ ಅಷ್ಟು ಮುಂದೆ. ಬಾಂಬ್ ಬೀಳೋ ಮೊದಲೇ ಗುಂಪನ್ನ ಚದುರಿಸ್ಬೇಕು. ಆಗಸ್ಟ್ 19ರಂದು ಕಂಟ್ರೋಲರ್‌ಗಳಿಗೆ ಹೊರಡಿಸಿದ ಸೂಚನೆಯಲ್ಲಿ ಸ್ಪಷ್ಟವಾಗಿ ಇದೆ, ಶತ್ರುವನ್ನ ಅಟ್ಟಿಸ್ಕೊಂಡು ಸಮುದ್ರದ ಮೇಲೆ ದೂರ ಹೋಗ್ಬೇಡಿ, ಫೈಟರ್‌ಗಳ ಜೊತೆ ಜಗಳಕ್ಕೆ ನಿಲ್ಬೇಡಿ, ಬಾಂಬರ್ ಹಿಡೀರಿ. ಸಮುದ್ರಕ್ಕೆ ಬಿದ್ದ ಪೈಲಟ್ ಸಾಮಾನ್ಯವಾಗಿ ಸತ್ತ ಹಾಗೇ, ನೆಲದ ಮೇಲೆ ಪ್ಯಾರಾಚೂಟಲ್ಲಿ ಇಳಿದೋನು ಸಂಜೆಗೆ ಮತ್ತೆ ಹಾರಬಹುದು. ಇದರಲ್ಲಿ ಮೀಸೆ ತಿರುವೋ ಅಂಥದ್ದೇನೂ ಇಲ್ಲ. ಖಜಾಂಚಿ ಬುದ್ಧಿ. ಹಡಗಿನ ಪರ್ಸರ್ ಬುದ್ಧಿ ಅಂತ ನಾನು ಅನ್ಕೋತೀನಿ, ಹಾಗಂತ ಇತಿಹಾಸಕಾರರು ಯಾರಾದ್ರೂ ಹೇಳಿದ್ದಾರಾ ಅಂತ ಕೇಳ್ಬೇಡಿ.

ಲಂಡನ್ನಿನ ಪಶ್ಚಿಮಕ್ಕೆ ಅಕ್ಸ್‌ಬ್ರಿಜ್ ಅನ್ನೋ ಕಡೆ 11 ಗ್ರೂಪಿನ ಬಂಕರ್ ಈಗಲೂ ಇದೆ, ಮ್ಯೂಸಿಯಂ ಮಾಡಿದ್ದಾರೆ. 76 ಮೆಟ್ಟಿಲು ಇಳೀಬೇಕು. ನೆಲದಡಿ ಅರವತ್ತು ಅಡಿ. ಕೆಳಗೆ ಹೋದಾಗ ಮೊದಲು ಕಾಣೋದು ಒಂದು ದೊಡ್ಡ ಮೇಜು, ಅದರ ಮೇಲೆ ಆಗ್ನೇಯ ಇಂಗ್ಲೆಂಡು ಮತ್ತೆ ಫ್ರಾನ್ಸಿನ ತುದಿಯ ನಕ್ಷೆ. ಸುತ್ತ ನಿಂತು ಮಹಿಳಾ ವಾಯುಪಡೆಯ ಹುಡುಗೀರು ಉದ್ದ ಕೋಲಲ್ಲಿ ಸಣ್ಣ ಸಣ್ಣ ಗುರುತುಗಳನ್ನ ತಳ್ತಿದ್ರು. ಎದುರು ಗೋಡೆಯಲ್ಲಿ ಬಲ್ಬುಗಳ ಸಾಲು, ಪ್ರತಿ ಸ್ಕ್ವಾಡ್ರನ್ನಿಗೂ ಒಂದು ಕಾಲಮ್ಮು, ರೆಡಿ ಇದೆ, ಹಾರಿದೆ, ಶತ್ರುವನ್ನ ಕಂಡಿದೆ, ಹೋರಾಡ್ತಿದೆ, ಇಳೀತಿದೆ, ಇಡೀ ಯುದ್ಧ ಬಲ್ಬುಗಳಲ್ಲಿ.

ನನ್ನ ಕಣ್ಣು ನಿಂತಿದ್ದು ಗಡಿಯಾರದ ಮೇಲೆ. ನೋಡೋಕೆ ಮಾಮೂಲಿ ಗೋಡೆ ಗಡಿಯಾರ, ಆದ್ರೆ ಐದೈದು ನಿಮಿಷಕ್ಕೆ ಒಂದೊಂದು ಬಣ್ಣದ ತ್ರಿಕೋನ, ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು. ಮುಳ್ಳು ಯಾವ ಬಣ್ಣದಲ್ಲಿರುತ್ತೋ ಆ ಬಣ್ಣದ ಬಾಣವನ್ನೇ ನಕ್ಷೆ ಮೇಲೆ ಇಡ್ಬೇಕು. ಹಾಗಾಗಿ ಮೇಲಿನ ಬಾಲ್ಕನಿಯಲ್ಲಿ ಕೂತವನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ, ಈ ಸುದ್ದಿ ಬಿಸಿ ಇದೆಯಾ, ಹಳಸಿದೆಯಾ. ತುಂಬ ಹಳೇದಾದ ಬಾಣ ತೆಗೆದೇ ಬಿಡ್ತಾರೆ. ಇಷ್ಟು ಸಿಂಪಲ್ಲು. ಕಂಪ್ಯೂಟರ್ ಇಲ್ಲ ಏನಿಲ್ಲ, ಬಣ್ಣ ಬಳಿದ ಗಡಿಯಾರ, ಅಷ್ಟೇ. ನಾನು ಎಷ್ಟೋ ವರ್ಷ ಡ್ಯಾಶ್‌ಬೋರ್ಡುಗಳನ್ನ ದಿಟ್ಟಿಸಿ ಸಂಬಳ ತಗೊಂಡೋನು, ಸ್ಕ್ರೀನ್ ಮೇಲೆ ಇರೋ ನಂಬರು ಯಾವ ಕಾಲದ್ದು ಅಂತ ಗೊತ್ತಾಗದೇ ಎಷ್ಟು ಸಲ ಬೇಸ್ತು ಬಿದ್ದಿದ್ದೀನೋ, ಆ ಗಡಿಯಾರದ ಮುಂದೆ ಸುಮಾರು ಹೊತ್ತು ನಿಂತೇ ಇದ್ದೆ.

ಸೆಪ್ಟೆಂಬರ್ 15, 1940, ಭಾನುವಾರ. ಚರ್ಚಿಲ್ ಹೆಂಡತಿ ಜೊತೆ ಈ ಬಂಕರಿಗೆ ಬಂದ. ಬಾಯಲ್ಲಿ ಸಿಗಾರ್. ಇಲ್ಲಿ ಗಾಳಿಯಾಡಿಸೋ ಯಂತ್ರ ಹೊಗೆ ತಡ್ಕೊಳ್ಳಲ್ಲ ಅಂತ ಪಾರ್ಕ್ ಹೇಳಿದ, ಪ್ರಧಾನಮಂತ್ರಿ ಹಚ್ಚದ ಸಿಗಾರ್ ಬಾಯಲ್ಲಿಟ್ಕೊಂಡೇ ಕೂತ. ನಂಗೆ ಈ ದೃಶ್ಯ ತುಂಬ ಇಷ್ಟ. ಸ್ವಲ್ಪ ಹೊತ್ತಿಗೆ ಬಾಣಗಳು ಬರೋಕೆ ಶುರು, ನಲವತ್ತಕ್ಕಿಂತ ಹೆಚ್ಚು ವಿಮಾನ, ಅರವತ್ತಕ್ಕಿಂತ ಹೆಚ್ಚು ವಿಮಾನ ಅಂತ. ಪಾರ್ಕ್ ಹಿಂದೆ ಮುಂದೆ ಓಡಾಡ್ತಾ ಒಂದೊಂದೇ ಸ್ಕ್ವಾಡ್ರನ್ ಬಿಡ್ತಾ ಹೋದ. ಪಕ್ಕದ ಗ್ರೂಪುಗಳಿಂದಲೂ ಸಹಾಯ ಕೇಳಿದ. ಕೊನೆಗೆ ಗೋಡೆ ಮೇಲೆ ಒಂದೂ ಸ್ಕ್ವಾಡ್ರನ್ ರಿಸರ್ವಲ್ಲಿ ಉಳೀಲಿಲ್ಲ. ಆಗ ಚರ್ಚಿಲ್ ಕೇಳಿದ, ಇನ್ನೇನು ರಿಸರ್ವ್ ಇದೆ? ಏನೂ ಇಲ್ಲ, ಅಂದ ಪಾರ್ಕ್.

ಈ ಮಾತನ್ನ ಎಲ್ಲ ಕಡೆ ದೊಡ್ಡ ಧೈರ್ಯದ ಮಾತು ಅಂತ ಹೇಳ್ತಾರೆ. ಸರಿ. ಆದ್ರೆ ಆ ಬಂಕರಲ್ಲಿ ನಿಂತಾಗ ನಂಗೆ ಬೇರೆಯೇ ಹೊಳೀತು. ಆ ಒಂದು ಮಧ್ಯಾಹ್ನ ಎಲ್ಲವನ್ನೂ ಸುರಿಯೋಕೆ ಆಗಿದ್ದು ಯಾಕಂದ್ರೆ ಅದಕ್ಕೆ ಮುಂಚಿನ ಎರಡು ತಿಂಗಳು ಸುರೀದೇ ಇದ್ದಿದ್ರಿಂದ. ಆಗಸ್ಟ್ 24ರಿಂದ ಸೆಪ್ಟೆಂಬರ್ 6ರವರೆಗೆ ಜರ್ಮನ್ ವಾಯುಪಡೆ ಲುಫ್ತ್‌ವಾಫೆ ದಿನಾ ವಿಮಾನ ನಿಲ್ದಾಣಗಳನ್ನೇ ಹೊಡೀತಿತ್ತು, ಬಿಗಿನ್ ಹಿಲ್ ಪುಡಿಪುಡಿ, ಆ ಎರಡು ವಾರದಲ್ಲಿ ನೂರಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಬದಲಿಗೆ ಬಂದವರಲ್ಲಿ ಕೆಲವರಿಗೆ ಸ್ಪಿಟ್‌ಫೈರಲ್ಲಿ ಹತ್ತು ಹದಿನೈದು ಗಂಟೆ ಅನುಭವ ಅಷ್ಟೇ. ಎಲ್ಲರೂ ಒಂದು ದೊಡ್ಡ ಏಟು ಕೊಡೋಣ ಅಂತಿದ್ದ ಆ ದಿನಗಳಲ್ಲಿ ತಡ್ಕೊಂಡು, ಇಷ್ಟಿಷ್ಟೇ ಅಳೆದು ಕೊಟ್ಟು, ನಾಳೆಗೆ ಅಂತ ಒಂದಿಷ್ಟು ಎತ್ತಿಡೋಕೆ ಬೇಕಾದ ಗುಂಡಿಗೆ ಇದೆಯಲ್ಲ, ಅದನ್ನ ಫೋಟೋ ತೆಗೆಯೋಕಾಗಲ್ಲ. ಸೆಪ್ಟೆಂಬರ್ 15ರ ಲೆಕ್ಕ 185 ಜರ್ಮನ್ ವಿಮಾನ ಉರುಳಿಸಿದೀವಿ ಅಂತ, ಯುದ್ಧ ಆದ್ಮೇಲೆ ಜರ್ಮನ್ ದಾಖಲೆ ನೋಡಿದಾಗ ಅರವತ್ತರ ಆಸುಪಾಸು. ಅದೇನೂ ಮುಖ್ಯ ಆಗ್ಲಿಲ್ಲ. ಇವರ ಹತ್ರ ವಿಮಾನಗಳೇ ಉಳಿದಿಲ್ಲ ಅಂತ ಕೇಳ್ಕೊಂಡು ಬಂದಿದ್ದ ಜರ್ಮನ್ ಹುಡುಗರಿಗೆ ದಾರಿಯುದ್ದಕ್ಕೂ ಫೈಟರ್‌ಗಳು ಸಿಗ್ತಾನೇ ಇದ್ವು.

ಇನ್ನು ಜಗಳದ ವಿಷಯ. ಉತ್ತರಕ್ಕಿದ್ದ 12 ಗ್ರೂಪಿನ ಕಮಾಂಡರ್ ಟ್ರಾಫರ್ಡ್ ಲೀ-ಮ್ಯಾಲರಿ. ಪಾರ್ಕ್ ಮುಂದೆ ಹೋಗಿ ಹೋರಾಡ್ತಿರೋವಾಗ ಹಿಂದಿರೋ ನಿಲ್ದಾಣಗಳನ್ನ ಕಾಯೋದು ಈತನ ಹುಡುಗರ ಕೆಲಸ. ಆದ್ರೆ ಈತನ ಕೈಕೆಳಗಿದ್ದ ಬಾಡರ್‌ಗೆ ಬೇರೆ ಯೋಚನೆ, ಮೂರು, ಆಮೇಲೆ ಐದು ಸ್ಕ್ವಾಡ್ರನ್ ಒಟ್ಟಿಗೆ ಕಟ್ಕೊಂಡು ಹೋಗಿ ಒಂದೇ ಸಲ ಮುಗಿಬೀಳೋದು, ಬಿಗ್ ವಿಂಗ್ ಅಂತ. ಲೀ-ಮ್ಯಾಲರಿಗೂ ಹಿಡಿಸ್ತು. ಕೇಳೋಕೆ ಭರ್ಜರಿ. ತೊಂದರೆ ಏನಂದ್ರೆ ಅಷ್ಟು ವಿಮಾನ ಒಟ್ಟುಗೂಡಿ ಎತ್ತರಕ್ಕೆ ಹೋಗೋಷ್ಟರಲ್ಲಿ ಬಾಂಬ್ ಹಾಕೋರು ಹಾಕಿ ಮನೆ ಕಡೆ ಮುಖ ಮಾಡಿರ್ತಿದ್ರು. ತಾನು ಸಹಾಯ ಕೇಳಿದಾಗ 12 ಗ್ರೂಪಿನೋರು ಬರಬೇಕಾದ ಜಾಗಕ್ಕೆ ಬರ್ಲಿಲ್ಲ ಅಂತ ಆಗಸ್ಟ್ ಕೊನೆಗೆ ಪಾರ್ಕ್ ಬಹಿರಂಗವಾಗೇ ಸಿಟ್ಟು ತೋರಿಸ್ದ.

ನ್ಯಾಯವಾಗಿ ಹೇಳ್ಬೇಕಂದ್ರೆ ಬಾಡರ್ ಪಕ್ಷದಲ್ಲೂ ಒಂದು ಮಾತಿದೆ. ಸೆಪ್ಟೆಂಬರ್ 15ರಂದು ಲಂಡನ್ ಮೇಲೆ ಐವತ್ತಕ್ಕೂ ಹೆಚ್ಚು ಬ್ರಿಟಿಷ್ ಫೈಟರ್‌ಗಳು ಒಂದೇ ಗುಂಪಲ್ಲಿ ಬಂದಿದ್ದು ಜರ್ಮನ್ನರ ಎದೆ ನಡುಗಿಸ್ತು ಅನ್ನೋದು ನಿಜ. ಪಾರ್ಕೂ ಅಂಥ ಸಲೀಸಾದ ಮನುಷ್ಯ ಏನಲ್ಲ, ಬಿಗಿ ಮುಖ, ತಮಾಷೆ ಕಮ್ಮಿ, ತನ್ನ ಮಾತೇ ಸರಿ ಅನ್ನೋ ಧೋರಣೆ ಸ್ವಲ್ಪ ಇತ್ತು. ಮತ್ತೆ ಇಬ್ಬರನ್ನೂ ಕರೆದು ಕೂರಿಸಿ ಒಂದು ಮಾಡ್ಬೇಕಾಗಿದ್ದ ಡೌಡಿಂಗ್ ಆ ಕೆಲಸ ಮಾಡ್ಲೇ ಇಲ್ಲ, ಅದು ನನ್ನ ಪ್ರಕಾರ ಆತನ ದೊಡ್ಡ ತಪ್ಪು.

ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಒಬ್ಬ ಬಾಸ್ ಇದ್ದ. ಏನೇ ಪ್ರಾಬ್ಲಂ ಬರ್ಲಿ ಎಲ್ಲರನ್ನೂ ಒಂದೇ ಕಾಲ್‌ಗೆ ಎಳೆಯೋನು, ನಲವತ್ತು ಜನ, ರಾತ್ರಿ ಎರಡು ಗಂಟೆ ತನಕ. ನೋಡೋರಿಗೆ ಅಬ್ಬಾ ಎಷ್ಟು ಸೀರಿಯಸ್ಸು. ಬೆಳಗ್ಗೆ ಮತ್ತೊಂದು ಪ್ರಾಬ್ಲಂ ಬಂದ್ರೆ ಎದ್ದಿರೋರು ಒಬ್ಬರೂ ಇಲ್ಲ! ಅವನಿಗೆ ಪ್ರಮೋಷನ್ ಸಿಕ್ತು. ಪಕ್ಕದ ಟೀಮಿನಲ್ಲಿ ಇಬ್ಬಿಬ್ಬರನ್ನ ಪಾಳಿ ಹಾಕಿ, ಉಳಿದವರಿಗೆ ನೀವು ಹೋಗಿ ಮಲ್ಕೊಳ್ಳಿ ಅಂತಿದ್ದ ಲೀಡ್ ಒಬ್ಬರಿದ್ರು, ಅವರ ಹೆಸರು ಈಗ ನೆನಪಿಸ್ಕೊಳ್ಳೋಕೂ ಕಷ್ಟ ಪಡ್ಬೇಕು. ಯುದ್ಧಕ್ಕೂ ಆಫೀಸಿಗೂ ಹೋಲಿಸ್ಬಾರ್ದು, ಗೊತ್ತು, ಅಲ್ಲಿ ಜೀವ ಹೋಗ್ತಿತ್ತು. ಆದ್ರೂ ಬಿಗ್ ವಿಂಗ್ ಬಗ್ಗೆ ಓದ್ದಾಗೆಲ್ಲ ಆ ರಾತ್ರಿ ಕಾಲ್‌ಗಳೇ ಕಣ್ಮುಂದೆ ಬರ್ತವೆ.

ಅಕ್ಟೋಬರ್ 17ಕ್ಕೆ ವಾಯುಖಾತೆಯಲ್ಲಿ ಮೀಟಿಂಗ್. ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಕೂತಿದ್ದಾರೆ, ಪಾರ್ಕ್ ಹೋಗಿ ನೋಡ್ತಾನೆ, ಲೀ-ಮ್ಯಾಲರಿ ಜೊತೆ ಬಾಡರ್ ಕೂತಿದ್ದಾನೆ, ಬರೀ ಒಬ್ಬ ಸ್ಕ್ವಾಡ್ರನ್ ಲೀಡರ್! ಮೂರು ತಿಂಗಳು ಹೆಣಗಾಡಿದ ಪಾರ್ಕನ ಸ್ವಂತ ಸ್ಕ್ವಾಡ್ರನ್ ಲೀಡರ್‌ಗಳಲ್ಲಿ ಒಬ್ಬರನ್ನೂ ಕರೆದಿರ್ಲಿಲ್ಲ. ಬಾಡರನ ಸ್ಕ್ವಾಡ್ರನ್ನಿನ ಅಡ್ಜುಟೆಂಟ್, ಅಂದ್ರೆ ಆಡಳಿತ ನೋಡ್ಕೊಳ್ಳೋ ಅಧಿಕಾರಿ, ಪಾರ್ಲಿಮೆಂಟ್ ಸದಸ್ಯ ಬೇರೆ, ಆ ದಾರಿಯಲ್ಲೂ ಮಾತು ಮೇಲಿನವರೆಗೆ ಹೋಗಿತ್ತು. ನವೆಂಬರಲ್ಲಿ ಡೌಡಿಂಗ್ ಹೋದ, ಡಿಸೆಂಬರಲ್ಲಿ ಪಾರ್ಕನ್ನ ಟ್ರೈನಿಂಗ್ ಗ್ರೂಪಿಗೆ ಎತ್ತಂಗಡಿ ಮಾಡಿದ್ರು. 11 ಗ್ರೂಪಿಗೆ ಬಂದೋನು ಯಾರು? ಲೀ-ಮ್ಯಾಲರಿ.

ಇಲ್ಲೊಂದು ಉಪಕಥೆ ಇದೆ. ಜನವರಿ 1941ರಲ್ಲಿ ಲೀ-ಮ್ಯಾಲರಿ ತನ್ನ ವಾದ ಸಾಬೀತು ಮಾಡೋಕೆ ಅಂತ ಸೆಪ್ಟೆಂಬರ್ 6ರ ದಾಳಿಯನ್ನೇ ಕಾಗದದ ಮೇಲೆ ಮತ್ತೆ ಆಡ್ದ, ಈ ಸಲ ದೊಡ್ಡ ವಿಂಗ್‌ಗಳ ಲೆಕ್ಕದಲ್ಲಿ. ಆತನ ವಿಮಾನಗಳು ಇನ್ನೂ ನೆಲದ ಮೇಲಿರೋವಾಗಲೇ ಕೆನ್ಲಿ ಮತ್ತೆ ಬಿಗಿನ್ ಹಿಲ್ಲಿಗೆ ಬಾಂಬ್ ಬಿತ್ತು. ಕಾಗದದ ಮೇಲೆ, ಪುಣ್ಯಕ್ಕೆ.

ಅದೇ ವರ್ಷ ವಾಯುಖಾತೆ ಬ್ಯಾಟಲ್ ಆಫ್ ಬ್ರಿಟನ್ ಬಗ್ಗೆ ಒಂದು ಕಿರುಹೊತ್ತಗೆ ತಂತು, ಲಕ್ಷಗಟ್ಟಲೆ ಮಾರಾಟ ಆಯ್ತು. ಅದರಲ್ಲಿ ಡೌಡಿಂಗ್ ಹೆಸರೂ ಇಲ್ಲ, ಪಾರ್ಕ್ ಹೆಸರೂ ಇಲ್ಲ. ಮದುವೆ ಆಲ್ಬಮ್ಮಿನಲ್ಲಿ ಗಂಡು ಹೆಣ್ಣಿನ ಫೋಟೋನೇ ಇಲ್ಲದ ಹಾಗೆ.

ಆತನ ಪೈಲಟ್‌ಗಳು ಮಾತ್ರ ಮರೀಲಿಲ್ಲ, ಅದಕ್ಕೆ ಕಾರಣ ಇದೆ. ಪಾರ್ಕ್‌ಗೆ ತನ್ನದೇ ಒಂದು ಹರಿಕೇನ್ ಇತ್ತು, ಮೇಲೆ ಓಕೆ 1 ಅಂತ ಬರೆದಿದ್ದು. ಬಿಳಿ ಓವರಾಲ್ ಹಾಕ್ಕೊಂಡು ತಾನೇ ಹಾರಿಸ್ಕೊಂಡು ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗೋನು, ಬಾಂಬ್ ಬಿದ್ದ ರನ್‌ವೇ ಮೇಲೂ ಇಳಿಯೋನು. ಬ್ರಿಟಿಷ್ ಸೈನ್ಯ ಹಡಗು ಹತ್ತಿ ಫ್ರಾನ್ಸಿನಿಂದ ಪಾರಾದ ಡನ್‌ಕರ್ಕ್ ಮೇಲೂ ಹಾಗೇ ಹೋಗಿ ಕಣ್ಣಾರೆ ನೋಡ್ಕೊಂಡು ಬಂದ. ಸೆಪ್ಟೆಂಬರ್ 7ರ ಸಂಜೆ ಲಂಡನ್ ಹೊತ್ತಿ ಉರೀತಿರೋವಾಗ ಅದರ ಮೇಲೆ ಹಾರ್ದ. ಊರು ಉರೀತಾ ಇದೆ, ಸಾವಿರಾರು ಜನರ ಮನೆ ಹೋಗಿದೆ, ಆದ್ರೆ ಲುಫ್ತ್‌ವಾಫೆ ನಿಲ್ದಾಣಗಳನ್ನ ಬಿಟ್ಟು ಊರಿನ ಮೇಲೆ ತಿರುಗಿದ್ರಿಂದ ತನ್ನ ಹುಡುಗರಿಗೆ ಉಸಿರಾಡೋಕೆ ಜಾಗ ಸಿಕ್ತು ಅನ್ನೋ ಲೆಕ್ಕ ಕೂಡ ಅವನ ತಲೇಲಿ ಓಡ್ತಿತ್ತು. ಎರಡೂ ಒಂದೇ ತಲೆಯಲ್ಲಿ, ಒಂದೇ ಸಂಜೆ. ಇಂಥ ಲೆಕ್ಕ ಮಾಡೋ ಕೆಲಸ ಯಾರಿಗೂ ಬೇಡಪ್ಪ.

1942ರ ಜುಲೈನಲ್ಲಿ ಮಾಲ್ಟಾ. ಮೆಡಿಟರೇನಿಯನ್ ಮಧ್ಯದ ಪುಟ್ಟ ದ್ವೀಪ, ಜಗತ್ತಲ್ಲೇ ಅತಿ ಹೆಚ್ಚು ಬಾಂಬ್ ತಿಂದ ಜಾಗಗಳಲ್ಲಿ ಒಂದು. ಅಲ್ಲಿವರೆಗೆ ಏನ್ ಮಾಡ್ತಿದ್ರು ಅಂದ್ರೆ ಫೈಟರ್‌ಗಳು ದಕ್ಷಿಣಕ್ಕೆ ಹೋಗಿ ಎತ್ತರ ಏರ್ಕೊಂಡು ಆಮೇಲೆ ದ್ವೀಪದ ಮೇಲೆ ಬಂದು ಹೊಡೀತಿದ್ರು, ಅಷ್ಟರಲ್ಲಿ ಬಾಂಬ್ ಬಿದ್ದಾಗಿರ್ತಿತ್ತು. ವಿಮಾನ ಕಮ್ಮಿ ಇದ್ದಾಗ ಅದೇ ಸರಿಯಾಗಿತ್ತೇನೋ. ಪಾರ್ಕ್ ಬಂದಾಗ ಸ್ಪಿಟ್‌ಫೈರ್‌ಗಳು ಸಾಕಷ್ಟಿದ್ವು, ಆತ ತಿರುಗಿಸಿಬಿಟ್ಟ, ಉತ್ತರಕ್ಕೆ ಹೋಗಿ, ಸಮುದ್ರದ ಮೇಲೆ, ದಡ ಮುಟ್ಟೋ ಮೊದಲೇ ಹಿಡೀರಿ. ಕೆಲವೇ ವಾರಗಳಲ್ಲಿ ಹಗಲು ದಾಳಿ ತಗ್ಗಿತು. ನಂಗೆ ಇದು ಯಾಕೆ ಮುಖ್ಯ ಅಂದ್ರೆ, ಎರಡು ವರ್ಷ ಮುಂಚೆ ಸಮುದ್ರದ ಮೇಲೆ ಹೋಗ್ಬೇಡಿ ಅಂದವನೇ ಇಲ್ಲಿ ಹೋಗಿ ಅಂತಾನೆ. ಹಿಡಿದ ಹಠ ಅಲ್ಲ ಅದು, ಎಣಿಸಿ ನೋಡಿ ಮಾಡಿದ್ದು.

ಮುಂದಿನದ್ದು ಬೇಗ ಹೇಳ್ತೀನಿ. ನವೆಂಬರ್ 1944ರಲ್ಲಿ ಲೀ-ಮ್ಯಾಲರಿ ಆಗ್ನೇಯ ಏಷ್ಯಾದ ವಾಯುಪಡೆಗಳ ಮುಖ್ಯಸ್ಥನಾಗಿ ಹೊರಟಿದ್ದ, ದಾರಿಯಲ್ಲಿ ಆಲ್ಪ್ಸ್ ಪರ್ವತಕ್ಕೆ ವಿಮಾನ ಬಡಿದು ಹೆಂಡತಿ ಸಮೇತ ತೀರ್ಕೊಂಡ. ಆ ಖಾಲಿ ಕುರ್ಚಿಗೆ ಫೆಬ್ರವರಿ 1945ರಲ್ಲಿ ಬಂದೋನು ಪಾರ್ಕ್. ಇದನ್ನ ಕಥೆಯಲ್ಲಿ ಬರೆದ್ರೆ ಯಾರೂ ನಂಬಲ್ಲ. ಬರ್ಮಾದಲ್ಲಿ ಬ್ರಿಟಿಷ್ ಜನರಲ್ ಸ್ಲಿಮ್‌ನ 14ನೇ ಸೈನ್ಯ ದಕ್ಷಿಣಕ್ಕೆ ನುಗ್ಗುವಾಗ ಅಕ್ಕಿಬೇಳೆಯಿಂದ ಮದ್ದುಗುಂಡಿನ ತನಕ ವಿಮಾನದಿಂದಲೇ ಇಳಿಸ್ಬೇಕಾಗಿತ್ತು, ಪರ್ಸರ್‌ಗೆ ಹೇಳಿ ಮಾಡಿಸಿದ ಕೆಲಸ.

1946ರಲ್ಲಿ ನಿವೃತ್ತಿ, ನ್ಯೂಜಿಲೆಂಡಿಗೆ ವಾಪಸ್, ಆಕ್ಲೆಂಡಿನಲ್ಲಿ ವಿಮಾನ ನಿಲ್ದಾಣದ ಓಡಾಟ, ನಗರ ಕೌನ್ಸಿಲರ್. 1947ರಲ್ಲಿ ವಾಯುಪಡೆ ಮುಖ್ಯಸ್ಥ ಟೆಡರ್ ಹೇಳಿದ, ಬ್ಯಾಟಲ್ ಆಫ್ ಬ್ರಿಟನ್ ಯಾರೋ ಒಬ್ಬ ಗೆದ್ದ ಅನ್ನೋದಾದ್ರೆ ಅದು ಪಾರ್ಕ್ ಅಂತ. ಬ್ರಿಟನ್ನಿನಲ್ಲಿ ಒಂದು ಸ್ಟೀಮ್ ಇಂಜಿನ್ನಿಗೆ ಹೆಸರಿಟ್ರು. ಪ್ರತಿಮೆ ಬಂದಿದ್ದು ಸೆಪ್ಟೆಂಬರ್ 15, 2010ಕ್ಕೆ, ಸರಿಯಾಗಿ ಎಪ್ಪತ್ತು ವರ್ಷ ಆದ್ಮೇಲೆ, ಅದೂ ಒಬ್ಬ ಹಣಕಾಸು ಉದ್ಯಮಿ ಹಠ ಹಿಡಿದು ಬೆನ್ನು ಬಿದ್ದಿದ್ರಿಂದ.

ಪಾರ್ಕ್ ಸತ್ತಿದ್ದು ಫೆಬ್ರವರಿ 1975ರಲ್ಲಿ. ಅದೇ ಸೆಪ್ಟೆಂಬರಲ್ಲಿ ಲಂಡನ್ನಿನ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚಿನಲ್ಲಿ, ವಾಯುಪಡೆಯವರ ಚರ್ಚು ಅದು, ಸ್ಮರಣೆ ಸಭೆ ಇಟ್ಟಿದ್ರು. ಪಾರ್ಕ್ ಬಗ್ಗೆ ಮಾತಾಡೋಕೆ ಎದ್ದು ನಿಂತೋನು ಬೇರೆ ಯಾರೂ ಅಲ್ಲ, ಆ ಮೀಟಿಂಗಲ್ಲಿ ಎದುರು ಪಕ್ಷದ ಕುರ್ಚಿಯಲ್ಲಿ ಕೂತಿದ್ದ ಡಗ್ಲಸ್ ಬಾಡರ್. ಆಗ ಅವನಿಗೂ ಅರವತ್ತೈದು ವರ್ಷ. ಈ ದೇಶ ಉಳಿಯೋ ಹೊಣೆ ಅಷ್ಟೂ ಆವತ್ತು ಕೀತ್ ಪಾರ್ಕನ ಹೆಗಲ ಮೇಲಿತ್ತು, ಅಂದ.